ನಡುವೆ ಬಂದು ಸೇರಿದವರ ಪೂರ್ವಜ್ಞಾನ

ಇಂಟರ್ನ್‌ಶಿಪ್‌ನ ಮೂರನೇ ವಾರ ನನ್ನ ಪಾಠವೀಕ್ಷಣಾ ಪುಸ್ತಕದಲ್ಲಿ ಒಂದು ಮೆಚ್ಚುಗೆಯ ಮಾತು ಬಂತು: ‘ಪೂರ್ವಜ್ಞಾನ ಪರೀಕ್ಷೆ ಚೆನ್ನಾಗಿದೆ. ಪ್ರಶ್ನೆಗಳು ಸರಳ, ಉತ್ತರಗಳು ಚುರುಕು.’ ಆ ದಿನ ಸಂತೋಷಪಟ್ಟೆ. ಈಗ ಆ ಸಾಲನ್ನು ಓದಿದರೆ ಮುಜುಗರವಾಗುತ್ತದೆ. ಆ ಮಾತಿಗೆ ನಾನು ಅರ್ಹನಾಗಿರಲಿಲ್ಲ ಎಂಬುದು ಅದೇ ಪಾಠದ ಕೊನೆಯಲ್ಲಿ ನನಗೆ ಗೊತ್ತಾಯಿತು. ಬರೆದವರನ್ನು ನಾನು ದೂರುತ್ತಿಲ್ಲ, ಹೊರಗಿನಿಂದ ನೋಡಿದರೆ ಪಾಠ ಹಾಗೆಯೇ ಕಾಣುತ್ತಿತ್ತು.

ಒಂಬತ್ತನೇ ತರಗತಿ, ‘ಚಲನೆ’ ಘಟಕ. ಹಾಜರಿದ್ದವರು 38 ಮಕ್ಕಳು. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಹಾಗೆ ಕೇಳಿದೆ: ಜವ ಎಂದರೇನು? ಜವದ ಏಕಮಾನ ಯಾವುದು? ಒಂದು ಬಸ್ಸು 2 ಗಂಟೆಯಲ್ಲಿ 80 ಕಿ.ಮೀ. ಹೋದರೆ ಅದರ ಜವ ಎಷ್ಟು? ಮುಂದಿನ ಬೆಂಚಿನಿಂದ ನಾಲ್ಕೈದು ಕೈಗಳು ಮೇಲೆದ್ದವು, ಉತ್ತರಗಳು ಬಂದವು. ಮೂರನೇ ಸಾಲಿನ ಕೊನೆಯಲ್ಲಿ ಕುಳಿತಿದ್ದ ಒಬ್ಬ ಹುಡುಗಿಯನ್ನು ಹೆಸರು ಹಿಡಿದು ಕೇಳಿದೆ. ಎದ್ದು ನಿಂತಳು, ಮಾತಾಡಲಿಲ್ಲ. ‘ಕೂತ್ಕೋಮ್ಮ, ಗಮನ ಇಟ್ಟು ಕೇಳು’ ಎಂದು ಹೇಳಿ ಮುಂದಿನ ಬೆಂಚಿಗೆ ಹೋದೆ. ಅಲ್ಲಿಂದ ಉದ್ದೇಶ ಕಥನ: ‘ಇಂದು ನಾವು ಜವ ಮತ್ತು ವೇಗದ ವ್ಯತ್ಯಾಸ ತಿಳಿಯೋಣ.’

ಪಾಠದ ಕೊನೆಯಲ್ಲಿ ಒಂದು ಚಿಕ್ಕ ಚಟುವಟಿಕೆ ಇಟ್ಟುಕೊಂಡಿದ್ದೆ. ಒಬ್ಬ ಹುಡುಗ ತರಗತಿಯ ಬಾಗಿಲಿನಿಂದ ಜಗಲಿಯ ತುದಿಯವರೆಗೆ 30 ಮೀಟರ್ ನಡೆದು, ಅದೇ ದಾರಿಯಲ್ಲಿ ಬಾಗಿಲಿಗೆ ವಾಪಸ್ ಬಂದ. ಒಟ್ಟು 50 ಸೆಕೆಂಡು. ಸರಾಸರಿ ಜವ ಎಷ್ಟು, ಸರಾಸರಿ ವೇಗ ಎಷ್ಟು ಬರೆಯಿರಿ ಎಂದೆ. ಹೆಚ್ಚಿನವರು ಎರಡಕ್ಕೂ 1.2 ಎಂದು ಬರೆದಿದ್ದರು. ಮೊದಲಿಗೆ ಚುರುಕಾಗಿ ಉತ್ತರಿಸಿದವರೂ ಅದರಲ್ಲಿದ್ದರು. ವೇಗ ಸೊನ್ನೆ ಎಂದು ಬರೆದವರು ಮೂವರು. ಅವರಲ್ಲಿ ಒಬ್ಬಳು ಆ ಮೂರನೇ ಸಾಲಿನ ಹುಡುಗಿ. ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪೀಡ್, ವೆಲಾಸಿಟಿ ಎಂದು ಬರೆದುಕೊಂಡು, ಡಿಸ್‌ಪ್ಲೇಸ್‌ಮೆಂಟ್ ಸೊನ್ನೆ, ಆದ್ದರಿಂದ ವೆಲಾಸಿಟಿ ಸೊನ್ನೆ ಎಂದು ಕಾರಣವನ್ನೂ ಕೊಟ್ಟಿದ್ದಳು.

‘ಮೊದಲೇ ಯಾಕಮ್ಮ ಹೇಳಲಿಲ್ಲ?’ ಎಂದು ಕೇಳಿದೆ.

‘ಸಾರ್, ಜವ ಅಂದ್ರೆ ಸ್ಪೀಡಾ? ನಾನು ಅದೇನೋ ಹೊಸ ಪಾಠ ಅಂದ್ಕೊಂಡೆ’ ಎಂದಳು.

ಮಾರ್ಗದರ್ಶಕ ಶಿಕ್ಷಕರನ್ನು ವಿಚಾರಿಸಿದಾಗ ತಿಳಿಯಿತು. ಅವಳು ಎಂಟನೇ ತರಗತಿಯವರೆಗೆ ಬೆಂಗಳೂರಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದಿದವಳು. ಮನೆಯ ತೊಂದರೆಯಿಂದ ತಾಯಿಯ ಜೊತೆ ಅಜ್ಜಿಯ ಊರಿಗೆ ಬಂದು, ಎರಡು ತಿಂಗಳು ಮನೆಯಲ್ಲಿದ್ದು, ಆಗಸ್ಟ್‌ನಲ್ಲಿ ಈ ಕನ್ನಡ ಮಾಧ್ಯಮ ಶಾಲೆ ಸೇರಿದ್ದಳು. ಜೂನ್‌ನಲ್ಲಿ ನಡೆಯುವ ಸೇತುಬಂಧ ಅವಳು ಬರುವ ಹೊತ್ತಿಗೆ ಮುಗಿದಿತ್ತು. ನೈದಾನಿಕ ಪರೀಕ್ಷೆಯೂ ಇಲ್ಲ, ಸಾಫಲ್ಯ ಪರೀಕ್ಷೆಯೂ ಇಲ್ಲ. ಹಾಜರಿ ಪುಸ್ತಕದ ಕೊನೆಯಲ್ಲಿ ಒಂದು ಹೆಸರು ಸೇರಿತ್ತು, ಅಷ್ಟೆ.

ನನ್ನ ಪ್ರಶ್ನೆಗಳು ಎರಡು ಕಡೆ ಸೋತಿದ್ದವು. ಗೊತ್ತಿದ್ದವಳನ್ನು ಗೊತ್ತಿಲ್ಲದವಳೆಂದು ತೋರಿಸಿದವು. ಗೊತ್ತಿಲ್ಲದವರನ್ನು ಗೊತ್ತಿದ್ದವರೆಂದು ತೋರಿಸಿದವು. ದಿನಬಳಕೆಯ ಕನ್ನಡದಲ್ಲಿ ನಾವು ‘ಬಸ್ಸು ವೇಗವಾಗಿ ಹೋಯಿತು’ ಎನ್ನುತ್ತೇವೆ. ಪಠ್ಯಪುಸ್ತಕದ ಭಾಷೆಯಲ್ಲಿ ಅದು ಜವ. ವೇಗಕ್ಕೆ ದಿಕ್ಕು ಬೇಕು. ಮಕ್ಕಳು ಮನೆಯಿಂದ ತರುವ ‘ವೇಗ’ ಎಂಬ ಪದವೇ ಈ ಪಾಠಕ್ಕೆ ಅವರ ನಿಜವಾದ ಪೂರ್ವಜ್ಞಾನ. ಅದೇ ಇಲ್ಲಿ ತೊಡಕೂ ಹೌದು. ಜವದ ಏಕಮಾನ ಕೇಳುವ ಪ್ರಶ್ನೆ ಅದನ್ನು ಮುಟ್ಟುವುದೇ ಇಲ್ಲ.

ಇದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಕ್ಕೆ ಕಾರಣ ನನ್ನದೇ ಕಥೆ. ನಾನೂ ನಡುವೆ ಬಂದು ಸೇರಿದವನು.

2017ರಲ್ಲಿ ನಾನು ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಸೇರಿದ್ದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ನಾಲ್ಕು ಸೆಮಿಸ್ಟರ್ ಮುಗಿಸಿದ ಮೇಲೆ ಅಪ್ಪನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ನಮ್ಮದು ಒಂದು ಹಿಟ್ಟಿನ ಗಿರಣಿ. ಮೂಟೆ ಎತ್ತುವವರು ಇಲ್ಲದೆ ಅದು ನಡೆಯುವುದಿಲ್ಲ. 2019ರಿಂದ 2022ರವರೆಗೆ ಮೂರು ವರ್ಷ ಗಿರಣಿ ನಡೆಸಿದೆ. ತಮ್ಮ ದುಡಿಮೆಗೆ ಬಂದ ಮೇಲೆ, ಮತ್ತೆ ಓದುತ್ತೇನೆ ಎಂದು ಹೊರಟೆ. ಈ ಸಲ ಬಿ.ಎಸ್‌ಸಿ. ಬಿ.ಎಡ್., ಭೌತಶಾಸ್ತ್ರ ಮತ್ತು ಗಣಿತದ ಗುಂಪು. ಪಿ.ಯು.ಸಿ.ಯಲ್ಲಿ ಗಣಿತ, ಜೀವಶಾಸ್ತ್ರ ಎರಡೂ ಓದಿದ್ದರಿಂದ ಅರ್ಹತೆಗೆ ತೊಂದರೆ ಇರಲಿಲ್ಲ.

ವಿಷಯ ಬದಲಿಸಿದ್ದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಗಿರಣಿಯೇ ಕಾರಣ. ಮೂರು ಫೇಸಿನಲ್ಲಿ ಒಂದು ಹೋದ ದಿನ ಮೋಟಾರು ಗುಂಯ್‌ಗುಡುತ್ತ ನಿಂತು, ನಾನು ಸ್ವಿಚ್ ಆರಿಸುವಷ್ಟರಲ್ಲಿ ವೈಂಡಿಂಗ್ ಸುಟ್ಟುಹೋಗಿತ್ತು. ಕರೆಂಟು ಕಡಿಮೆಯಾದರೆ ಮೋಟಾರು ಸುಮ್ಮನೆ ನಿಲ್ಲಬೇಕಲ್ಲ, ಸುಡುವುದು ಯಾಕೆ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ರಿವೈಂಡಿಂಗ್ ಮಾಡುವವರು ತಮಗೆ ತಿಳಿದಷ್ಟು ಹೇಳಿದರು. ಉಳಿದದ್ದನ್ನು ಹಳೆಯ ಪಿ.ಯು. ಪುಸ್ತಕದಲ್ಲಿ ಹುಡುಕಿದೆ. ಹೀಗೆ ಓದುವುದು ಮತ್ತೆ ಶುರುವಾಯಿತು.

ಹಳೆಯ ಕಾಲೇಜಿನಿಂದ ಟಿ.ಸಿ. ಪಡೆಯಲು ನಾಲ್ಕು ಸಲ ಓಡಾಡಿದೆ. ಹೊಸ ವಿಶ್ವವಿದ್ಯಾಲಯಕ್ಕೆ ವಲಸೆ ಪ್ರಮಾಣಪತ್ರ ಬೇಕಿತ್ತು. ಅದರ ಜೊತೆಗೆ ಛಾಪಾ ಕಾಗದದಲ್ಲಿ ನೋಟರಿ ಸಹಿ ಇರುವ ಒಂದು ಗ್ಯಾಪ್ ಅಫಿಡವಿಟ್. ಈ ಮೂರು ವರ್ಷ ನಾನು ಬೇರೆ ಯಾವ ಕಾಲೇಜಿಗೂ ಸೇರಿಲ್ಲ, ಯಾವ ಅಪರಾಧದಲ್ಲೂ ಭಾಗಿಯಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ಏನು ಮಾಡಿಲ್ಲ ಎಂಬುದಕ್ಕೆ ಸಹಿ ಹಾಕಿದೆ. ಏನು ಮಾಡಿದೆ ಎಂದು ಬರೆಯಲು ಆ ಕಾಗದದಲ್ಲಿ ಜಾಗ ಇರಲಿಲ್ಲ.

ದಾಖಲಾತಿ ಆದ ಮೇಲೂ ಹಾಗೆಯೇ. ಎರಡು ವರ್ಷ ಓದಿ ಪಾಸಾಗಿದ್ದ ರಸಾಯನಶಾಸ್ತ್ರವನ್ನು ಮೊದಲಿನಿಂದ ಓದಿದೆ. ಆಕ್ಸಾಲಿಕ್ ಆಮ್ಲದ ಟೈಟ್ರೇಶನ್ನಿಗೆ ಬ್ಯುರೆಟ್ ಹಿಡಿದು ನಿಂತಾಗ, ಅದೇ ಪ್ರಯೋಗದ ರೆಕಾರ್ಡು ಮನೆಯ ಅಟ್ಟದಲ್ಲಿರುವುದು ನೆನಪಾಗುತ್ತಿತ್ತು. ಇನ್ನೊಂದು ಕಡೆ ಗಣಿತ. ಸಮಾಕಲನ ಕಲಿತು ಐದು ವರ್ಷವಾಗಿತ್ತು, ಎಲ್ಲವೂ ಮರೆತಿತ್ತು. ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಉಳಿಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಸಹಪಾಠಿಯೊಬ್ಬ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ‘ಅಣ್ಣ, ಇಲ್ಲಿಂದ ನೋಡಿ’ ಎಂದು ಹೇಳಿಕೊಡದಿದ್ದರೆ ಎರಡನೆಯ ಸಲವೂ ಉಳಿಯುತ್ತಿತ್ತು. ಗೊತ್ತಿದ್ದ ಕಡೆ ಸುಮ್ಮನೆ ಕುಳಿತೆ, ಗೊತ್ತಿಲ್ಲದ ಕಡೆ ಮುಳುಗಿದೆ. ಅಂಕಪಟ್ಟಿ ಎಲ್ಲರೂ ನೋಡಿದರು. ನಿನಗೆ ಏನು ಗೊತ್ತಿದೆ, ಏನು ಮರೆತಿದೆ ಎಂದು ಯಾರೂ ಕೇಳಲಿಲ್ಲ.

ಇದೇ ನಾನು ಹೇಳಬೇಕೆಂದಿರುವುದು. ಕಲಿಯುವವನಿಗೆ ಈಗಾಗಲೇ ಏನು ತಿಳಿದಿದೆ ಎಂಬುದೇ ಕಲಿಕೆಯಲ್ಲಿ ಅತಿ ಮುಖ್ಯ ಎಂದು ಆಸುಬೆಲ್ 1968ರಲ್ಲೇ ವಾದಿಸಿದ್ದನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆಯುತ್ತೇವೆ. ಹರ್ಬಾರ್ಟನ ಸೋಪಾನಗಳಿಂದ ಹಿಡಿದು ಇಂದಿನ 5ಇ ಮಾದರಿಯವರೆಗೆ ಎಲ್ಲ ಪಾಠಯೋಜನೆಗಳೂ ಅಲ್ಲಿಂದಲೇ ಶುರುವಾಗುತ್ತವೆ. ಆದರೆ ನಾವು ಪೂರ್ವಜ್ಞಾನ ಎಂದು ಬರೆಯುವುದು ಹಿಂದಿನ ತರಗತಿಯ ಪಠ್ಯದಲ್ಲಿ ಏನಿತ್ತು ಎಂಬುದನ್ನು. ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ಭಾಷೆಯಲ್ಲಿ, ನಡುವೆ ಎಲ್ಲೂ ನಿಲ್ಲದೆ ಬಂದಿದ್ದಾರೆ ಎಂದುಕೊಂಡು ಬರೆಯುತ್ತೇವೆ. ಪಾಠದ ಹಿಂದಿನ ರಾತ್ರಿ, ಮಕ್ಕಳ ಮುಖ ನೋಡದೆ, ಹಾಸ್ಟೆಲಿನಲ್ಲಿ ಕುಳಿತು ಬರೆಯುತ್ತೇವೆ. ನಿರೀಕ್ಷಿತ ಉತ್ತರಗಳನ್ನೂ ನಾವೇ ತುಂಬುತ್ತೇವೆ. ಶಾಲೆ ಬದಲಿಸಿ ಬಂದವರು, ಬಿಟ್ಟು ಮತ್ತೆ ಬಂದವರು, ಮಾಧ್ಯಮ ಬದಲಿಸಿದವರು ಆ ಕಲಂನಲ್ಲಿ ಇರುವುದೇ ಇಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೇ ಕಲಮಿನ ಪ್ರಕಾರ ಮಗು ಬೇರೆ ಶಾಲೆಗೆ ಹೋಗಬೇಕಾದಾಗ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಶಾಲೆಯಿಂದ ಹೊರಗುಳಿದಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೇ ಕಲಮು. ಈ ಕಾಯ್ದೆ ಎಂಟನೇ ತರಗತಿಗೇ ಮುಗಿಯುತ್ತದೆ. ಆದರೂ ನಾನು ಹೋಗಿದ್ದ ಶಾಲೆಯ ಮುಖ್ಯ ಶಿಕ್ಷಕರು ಒಂಬತ್ತನೆಯ ಆ ಹುಡುಗಿಯನ್ನು ಟಿ.ಸಿ. ಬರುವ ಮೊದಲೇ ತರಗತಿಯಲ್ಲಿ ಕೂರಿಸಿಕೊಂಡಿದ್ದರು. ಬಾಗಿಲು ತೆರೆದಿತ್ತು. ಒಳಗೆ ಬಂದವಳನ್ನು ‘ಕೂತ್ಕೋಮ್ಮ’ ಎಂದು ಕೂರಿಸಿದವನು ನಾನು.

ಪದವಿ ಹಂತದಲ್ಲೂ ವ್ಯವಸ್ಥೆ ಸ್ವಲ್ಪ ಬದಲಾಗಿದೆ. ಯು.ಜಿ.ಸಿ. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾವಳಿ ತಂದಿತು. ಅದರಲ್ಲಿ ಜಮೆಯಾದ ಕ್ರೆಡಿಟ್‌ಗಳು ಗರಿಷ್ಠ ಏಳು ವರ್ಷ ಬಾಳುತ್ತವೆ. ಅದಕ್ಕೂ ಮೊದಲೇ ಓದು ಬಿಟ್ಟಿದ್ದ ನನಗೆ ಅದರಿಂದ ಏನೂ ಸಿಗಲಿಲ್ಲ. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸರ್ಕಾರಗಳು ದಾರಿ ಬದಲಿಸಿದರೆ ಅದನ್ನು ನೀತಿ ಎನ್ನುತ್ತೇವೆ. ಇಪ್ಪತ್ತು ವರ್ಷದ ಹುಡುಗ ಬದಲಿಸಿದರೆ ‘ಒಂದು ಕಡೆ ನಿಲ್ಲದವನು’ ಎನ್ನುತ್ತೇವೆ. ಈ ಮಾತನ್ನು ನಾನು ಮನೆಯಲ್ಲೂ ಕೇಳಿದ್ದೇನೆ, ಸಂದರ್ಶನದ ಮೇಜಿನ ಮುಂದೆಯೂ ಕೇಳಿದ್ದೇನೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮಾರ್ಗದರ್ಶಕ ಶಿಕ್ಷಕರೇ ಕೇಳಿದರು: ‘ಒಬ್ಬಳಿಗೋಸ್ಕರ ಹತ್ತು ನಿಮಿಷ ಕೊಟ್ಟರೆ 40 ನಿಮಿಷದ ಅವಧಿಯಲ್ಲಿ ಪಾಠ ಮುಗಿಯೋದು ಯಾವಾಗ?’ ನ್ಯಾಯವಾದ ಪ್ರಶ್ನೆ. ಅವರು ದಿನಕ್ಕೆ ಐದು ಅವಧಿ ತೆಗೆದುಕೊಳ್ಳುವವರು, ನಾನು ವಾರಕ್ಕೆ ಕೆಲವು ಪಾಠ ಮಾಡುವವನು. ಆದರೆ ಜಗಲಿಯಲ್ಲಿ ನಡೆಯುವ ಆ ಚಟುವಟಿಕೆಗೆ ಹಿಡಿದದ್ದು ಐದೇ ನಿಮಿಷ. ಅದನ್ನು ಕೊನೆಯಲ್ಲಿ ಮಾಡುವ ಬದಲು ಮೊದಲಿಗೆ ಮಾಡಿದ್ದರೆ ಅವಳಿಗೆ ಗೊತ್ತಿರುವುದೂ, ಉಳಿದ ಮೂವತ್ತೈದು ಮಕ್ಕಳಿಗೆ ಗೊತ್ತಿಲ್ಲದಿರುವುದೂ ಒಟ್ಟಿಗೆ ತಿಳಿಯುತ್ತಿತ್ತು. ನಡುವೆ ಬಂದವಳಿಗಾಗಿ ಕೇಳುವ ಒಳ್ಳೆಯ ಪ್ರಶ್ನೆ ಇಡೀ ತರಗತಿಗೇ ಒಳ್ಳೆಯದು.

ಎರಡನೆಯ ಆಕ್ಷೇಪ, ಅನುಭವದಿಂದ ಬಂದದ್ದೆಲ್ಲ ಜ್ಞಾನವೇ ಎಂಬುದು. ಇದನ್ನು ನಾನು ಒಪ್ಪುತ್ತೇನೆ, ಅದಕ್ಕೆ ನಾನೇ ಉದಾಹರಣೆ. ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದರೆ ಗಿರಣಿಯ ಕಲ್ಲು ಜೋರಾಗಿ ತಿರುಗುತ್ತದೆ ಎಂದು ಗಿರಣಿಯಲ್ಲಿ ಕಲಿತಿದ್ದೆ, ಅದು ಸರಿ. ಚಿಕ್ಕದು ಹಾಕಿದರೆ ಮೋಟಾರಿನ ಪವರ್ ಹೆಚ್ಚುತ್ತದೆ ಎಂದೂ ನಂಬಿದ್ದೆ, ಅದು ತಪ್ಪು. ಕಲ್ಲಿಗೆ ಸಿಗುವ ಟಾರ್ಕ್ ಹೆಚ್ಚುತ್ತದೆ, ತಿರುಗುವುದು ನಿಧಾನವಾಗುತ್ತದೆ, ಪವರ್ ಹೆಚ್ಚುವುದಿಲ್ಲ. ಈ ತಪ್ಪು ನನ್ನೊಳಗೆ ಎರಡನೆಯ ವರ್ಷದವರೆಗೂ ಕುಳಿತಿತ್ತು. ಮೊದಲೇ ಯಾರಾದರೂ ಕೇಳಿದ್ದರೆ ಹೊರಗೆ ಬರುತ್ತಿತ್ತು. ಪೂರ್ವಜ್ಞಾನ ಕೇಳುವುದು ಹೊಗಳುವುದಕ್ಕಲ್ಲವಲ್ಲ. ಸರಿಯಾದದ್ದನ್ನು ಬಳಸಿಕೊಳ್ಳಲು, ತಪ್ಪನ್ನು ಹೊರಗೆ ತರಲು.

ಮೂರನೆಯದು, ಇಷ್ಟು ಅನುಕೂಲ ಮಾಡಿಕೊಟ್ಟರೆ ಎಲ್ಲರೂ ನಡುವೆ ಬಿಟ್ಟು ಹೋಗುತ್ತಾರೆ ಎಂಬ ಭಯ. ಬಿಟ್ಟು ಹೋದವರು ಏನು ಕಳೆದುಕೊಳ್ಳುತ್ತಾರೆಂದು ಬಿಟ್ಟವರನ್ನು ಕೇಳಬೇಕು. ನನ್ನ ಜೊತೆ ಬಿ.ಎಸ್‌ಸಿ. ಸೇರಿದವರಲ್ಲಿ ಕೆಲವರು ಈಗ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಎರಡು ವರ್ಷದ ಫೀಸು, ಮೂರು ವರ್ಷದ ವಯಸ್ಸು ನಾನು ತೆತ್ತಿದ್ದೇನೆ. ಅದನ್ನು ನೋಡಿ ಯಾರಿಗೂ ಆಸೆ ಹುಟ್ಟುವುದಿಲ್ಲ.

ಹಾಗಾಗಿ ನನ್ನ ಕೋರಿಕೆಗಳು ಮೂರೇ. ಯಾವುದಕ್ಕೂ ಹೊಸ ಆದೇಶ ಬೇಕಿಲ್ಲ.

ಮೊದಲನೆಯದು ಪಾಠಯೋಜನೆಗೆ ಸಂಬಂಧಿಸಿದ್ದು. ಘಟಕ ಆರಂಭಿಸುವ ಹಿಂದಿನ ದಿನ ಐದು ನಿಮಿಷದ ಒಂದು ಕೆಲಸ ಮಕ್ಕಳಿಗೆ ಕೊಟ್ಟು, ಅವರು ಬರೆದದ್ದನ್ನು ನೋಡಿದ ಮೇಲೆ ಪೂರ್ವಜ್ಞಾನದ ಕಲಂ ತುಂಬೋಣ. ವ್ಯಾಖ್ಯೆ, ಏಕಮಾನ ಕೇಳುವ ಬದಲು ಮಾಡಿ ತೋರಿಸುವ, ಚಿತ್ರ ಬರೆಯುವ, ಊಹಿಸುವ ಕೆಲಸವಾಗಿರಲಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ. ವೀಕ್ಷಣಾ ನಮೂನೆಯಲ್ಲಿ ಉಪನ್ಯಾಸಕರು ‘ಉತ್ತರಿಸದ ಮಗುವಿಗೆ ಪ್ರಶಿಕ್ಷಣಾರ್ಥಿ ಏನು ಮಾಡಿದರು?’ ಎಂಬ ಒಂದು ಸಾಲು ಸೇರಿಸಿದರೆ ನಾವೆಲ್ಲ ಬದಲಾಗುತ್ತೇವೆ. ಅಂಕ ಇರುವ ಕಡೆ ನಮ್ಮ ಗಮನ ತಾನಾಗಿ ಹೋಗುತ್ತದೆ.

ಎರಡನೆಯದು ತಡವಾಗಿ ಬಂದವರ ಸೇತುಬಂಧ. ಜೂನ್ ತಿಂಗಳ ಸೇತುಬಂಧ ಜೂನ್‌ನಲ್ಲಿ ಇದ್ದವರಿಗೆ. ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ ಬರುವ ಮಗುವಿಗೆ ಅದನ್ನು ಮಾಡಲು ಶಿಕ್ಷಕರಿಗೆ ಬಿಡುವಿಲ್ಲ. ನಮಗಿದೆ. ಇಂಟರ್ನ್‌ಶಿಪ್‌ನಲ್ಲಿ ವಾರಗಟ್ಟಲೆ ಒಂದೇ ಶಾಲೆಯಲ್ಲಿ ಇರುತ್ತೇವೆ, ಖಾಲಿ ಅವಧಿಗಳಲ್ಲಿ ಶಿಕ್ಷಕರ ಕೊಠಡಿಯಲ್ಲಿ ರೆಕಾರ್ಡು ಬರೆಯುತ್ತ ಕೂರುತ್ತೇವೆ. ಶಾಲೆಗೆ ಹೋದ ಮೊದಲ ವಾರವೇ ಈ ವರ್ಷ ನಡುವೆ ಸೇರಿದ ಮಕ್ಕಳು ಯಾರು ಎಂದು ಕೇಳಿ, ಒಬ್ಬೊಬ್ಬ ಪ್ರಶಿಕ್ಷಣಾರ್ಥಿ ಒಂದೊಂದು ಮಗುವನ್ನು ವಹಿಸಿಕೊಂಡರೆ ಸಾಕು. ನಮ್ಮ ವ್ಯಕ್ತಿ ಅಧ್ಯಯನಕ್ಕೂ ಅದೇ ವಿಷಯವಾಗಬಹುದು.

ಮೂರನೆಯದು ನಮ್ಮ ಕಾಲೇಜಿನದು. ಓದು ಬಿಟ್ಟು ಮರಳಿದವರು, ಕಾಲೇಜು ಅಥವಾ ವಿಷಯ ಬದಲಿಸಿ ಬಂದವರು ಪ್ರತಿ ತಂಡದಲ್ಲೂ ಇದ್ದಾರೆ. ಪತ್ರಿಕೆಗಳಿಂದ ವಿನಾಯಿತಿ ಕೊಡುವುದು ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು, ಕಾಲೇಜನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಪ್ರವೇಶದ ವಾರದಲ್ಲಿ ಅಂಥವರ ಜೊತೆ ಅರ್ಧ ಗಂಟೆ ಕೂತು ಮಾತಾಡುವುದು, ಕ್ರೆಡಿಟ್ ಬ್ಯಾಂಕಿನ ಅನುಕೂಲ ಇದ್ದವರಿಗೆ ಅದನ್ನು ತಿಳಿಸುವುದು, ಮರೆತ ವಿಷಯಕ್ಕೆ ಒಬ್ಬ ಸಹಪಾಠಿಯನ್ನು ಜೊತೆ ಮಾಡುವುದು ಕಾಲೇಜಿನ ಕೈಯಲ್ಲೇ ಇದೆ. ನನ್ನ ಪಾಲಿಗೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಆಕಸ್ಮಿಕವಾಗಿ ಆದದ್ದು ಎಲ್ಲರಿಗೂ ಆಗುವಂತಿರಲಿ. ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ, ನಾವು ತರಗತಿಯಲ್ಲಿ ಮಕ್ಕಳನ್ನು ಹಾಗೆ ಕೇಳುವುದನ್ನು ಬೇಗ ಕಲಿಯುತ್ತೇವೆ.

ಆ ಹುಡುಗಿಯ ವಿಷಯದಲ್ಲಿ ನಾನು ದೊಡ್ಡದೇನೂ ಸಾಧಿಸಲಿಲ್ಲ. ಘಟಕ ಪರೀಕ್ಷೆಯಲ್ಲಿ ಅವಳಿಗೆ 25ಕ್ಕೆ 11 ಬಂತು. ಲೆಕ್ಕಗಳು ಸರಿ ಇದ್ದವು, ಕನ್ನಡದಲ್ಲಿ ವಿವರಿಸಿ ಬರೆಯುವ ಪ್ರಶ್ನೆಗಳಲ್ಲಿ ಅಂಕ ಹೋಗಿದ್ದವು. ಊಟದ ನಂತರದ ಬಿಡುವಿನಲ್ಲಿ ಇಬ್ಬರೂ ಕುಳಿತು ಒಂದು ಪಟ್ಟಿ ಶುರು ಮಾಡಿದೆವು. ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ, ಡಿಸ್‌ಪ್ಲೇಸ್‌ಮೆಂಟ್ ಎಂದರೆ ಸ್ಥಾನಪಲ್ಲಟ, ಆಕ್ಸಲರೇಶನ್ ಎಂದರೆ ವೇಗೋತ್ಕರ್ಷ. ಮೊದಲ ದಿನ ನಾನು ಹೇಳಿದ್ದನ್ನು ಬರೆದುಕೊಂಡಳು. ಮೂರನೆಯ ದಿನದಿಂದ ಪಕ್ಕದ ಹುಡುಗಿಯನ್ನು ಕೇಳಿ ತಾನೇ ಬರೆಯತೊಡಗಿದಳು. ಅದಕ್ಕೆ ಬದಲಾಗಿ ಆ ಹುಡುಗಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಜಡತ್ವ, ಸಂವೇಗದವರೆಗೆ ಬರುವಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಿತು.

ಆ ಪಟ್ಟಿ ಅವಳ ವಿಜ್ಞಾನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಒಂದು ಪ್ರತಿಯನ್ನು ಮಾರ್ಗದರ್ಶಕ ಶಿಕ್ಷಕರಿಗೂ ಕೊಟ್ಟು ಬಂದಿದ್ದೇನೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಹತ್ತನೇ ತರಗತಿಯ ಮೂರನೇ ಸಾಲಿನ ಕೊನೆಯಲ್ಲಿ ನೋಡಿ. ಅವಳು ಉತ್ತರ ಹೇಳದಿದ್ದರೆ ಮುಂದಿನ ಬೆಂಚಿಗೆ ಹೋಗಬೇಡಿ. ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಿ ನೋಡಿ.